ಪೇಂಚಿಯ ಅಣ್ಣ

ಕಲ್ಕತ್ತೆಯ ಬೈಠಕ್‌ಖಾನಾ ಬೀದಿಯ ಕಾಗದದ ವ್ಯಾಪಾರಿಗಳು ಓದುವ ಜಾತಿಯಲ್ಲ, ತೂಗುವ ಜಾತಿ. ಕೊಂಡುಹೋದ ಕಾಗದದ ಮೇಲೆ ಗಿರಾಕಿ ಪಂಚಾಂಗ ಅಚ್ಚುಹಾಕಿದನೋ ಚುನಾವಣೆಯ ಬೈಗುಳ ಅಚ್ಚುಹಾಕಿದನೋ, ಅದು ಅವರಿಗೆ ಬೇಡದ ಸಂಗತಿ. ಇಂಥ ಬೀದಿಯಲ್ಲಿ, ಖಾಲಿ ಕಾಗದಕ್ಕಿಂತ ಬರೆದ ಕಾಗದಕ್ಕೇ ಗಿರಾಕಿ ಜಾಸ್ತಿ ಎಂದು ಕಂಡುಕೊಂಡವನು ಅನಾದಿನಾಥ ಸರಖೇಲ್ ಒಬ್ಬನೇ. ಅಪ್ಪನಿಂದ ಬಂದ ಅಂಗಡಿಯ ಗದ್ದುಗೆಯಲ್ಲಿ ಕೂತು, ಒಂದು ಕಣ್ಣು ತಕ್ಕಡಿಯ ಮೇಲೆ, ಇನ್ನೊಂದು ಕಣ್ಣು ಹಾಳೆಯ ಮೇಲೆ ಇಟ್ಟು, ಅವನು ಮಕ್ಕಳ ಕತೆ ಬರೆಯುತ್ತಿದ್ದ. ಬಂಗಾಳದಲ್ಲಿ ಹಾಲುಹಲ್ಲು ಬೀಳುವ ವಯಸ್ಸಿನ ಯಾವ ಮಗುವಿಗೂ ಅವನ ಹೆಸರು ಗೊತ್ತಿರಲಿಲ್ಲ. ಆದರೆ 'ಪೇಂಚಿ' ಎಂದರೆ ಸಾಕು, ಮಗು ಕಿಸಕ್ಕನೆ ನಗುತ್ತಿತ್ತು.

ಪೇಂಚಿ ಅವನ ಕತೆಗಳ ಹುಡುಗಿ. ಹೆಣ್ಣುಗೂಬೆ ಎಂದು ಆ ಹೆಸರಿನ ಅರ್ಥ. ಉರುಟು ಕಣ್ಣು, ಮೂಗಿಗಿಂತ ಮುಂದೆ ಬಾಯಿ, ಬಾಯಿಗಿಂತ ಮುಂದೆ ಕೈ. ಉಪ್ಪಿನಕಾಯಿ ಕದ್ದು ತಪ್ಪನ್ನು ಬೆಕ್ಕಿನ ತಲೆಗೆ ಕಟ್ಟುವವಳು. ಕತ್ತಲಾದರೆ ಅಜ್ಜಿಯ ಸೆರಗು ಬಿಡದವಳು. ಮೇಷ್ಟರು ಕೇಳಿದರೆ ಹೊಟ್ಟೆನೋವು ಬರಿಸಿಕೊಳ್ಳುವವಳು. ಅಪಾಯ ಬಂದರೆ ಎಲ್ಲರಿಗಿಂತ ಮೊದಲು ಓಡುವವಳು. ಇಂಥ ಪುಕ್ಕಲು ಹುಡುಗಿಯನ್ನು ಕಂಡು ನಗದ ಮಗು ಎಲ್ಲಿದ್ದೀತು? ಪ್ರತಿ ವರ್ಷ ದುರ್ಗಾಪೂಜೆಯ ವಿಶೇಷಾಂಕ ಬರುವ ಹೊತ್ತಿಗೆ 'ಕಾಠಬೆರಾಲಿ' ಪತ್ರಿಕೆಯ ಸಂಪಾದಕ ತ್ರಿದಿಬಬಾಬು ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದ. "ಮಶಾಯ್, ದೇವಿ ವಿಗ್ರಹಕ್ಕೆ ಕಣ್ಣು ಬರೆಯೋದು ತಡವಾದ್ರೂ ಜನ ಕ್ಷಮಿಸ್ತಾರೆ. ಪೇಂಚಿ ತಡವಾದ್ರೆ ನನ್ನ ಕಣ್ಣು ಕಿತ್ತಾರೆ" ಎನ್ನುತ್ತಿದ್ದ.

ಇದರಲ್ಲಿ ಒಂದೇ ಒಂದು ತೊಡಕಿತ್ತು. ಪೇಂಚಿ ನಿಜಕ್ಕೂ ಇದ್ದಳು.

ಆ ಸೀಮೆಯಲ್ಲಿ ಎಲ್ಲರಿಗೂ ಎರಡು ಹೆಸರು. ಒಂದು ಶಾಲೆಗೆ, ಕಚೇರಿಗೆ, ಮದುವೆಯ ಓಲೆಗೆ, ಇನ್ನೊಂದು ಮನೆಗೆ. ಮನೆಯ ಹೆಸರು ಮನೆಯ ಒಳಲಂಗದ ಹಾಗೆ. ಅದರಲ್ಲಿ ಅಂಗಳದ ತನಕ ಬರಬಹುದು, ಬೀದಿಗೆ ಇಳಿಯುವ ಹಾಗಿಲ್ಲ. ಹೈಕೋರ್ಟಿನ ನ್ಯಾಯಾಧೀಶನನ್ನೂ ಅವನ ಚಿಕ್ಕಮ್ಮ 'ಕುಂಬಳಕಾಯಿ' ಎಂದು ಕರೆದಾಳು, ಆದರೆ ಬಾಗಿಲು ಹಾಕಿಕೊಂಡು. ಅನಾದಿನಾಥನ ತಂಗಿಗೆ ಲೋಕದ ಹೆಸರು ನೀಹಾರಿಕಾ. ಹುಟ್ಟಿದಾಗ ಕಣ್ಣು ಉರುಟಾಗಿ ಬಿಟ್ಟುಕೊಂಡಿದ್ದಕ್ಕೆ ಅಜ್ಜಿ ಇಟ್ಟ ಮನೆಯ ಹೆಸರು ಪೇಂಚಿ. ಅಣ್ಣ ಆ ಹೆಸರನ್ನು ಒಯ್ದು ಅಚ್ಚಿನ ಮೊಳೆಗೆ ಕೊಟ್ಟ.

ಮೊದಲ ಕತೆ ಬಂದಾಗ ನೀಹಾರಿಕಾ ಕಾಲೇಜು ಮೆಟ್ಟಿಲು ಹತ್ತಿದ್ದಳಷ್ಟೆ. ಪತ್ರಿಕೆ ಹಿಡಿದುಕೊಂಡು ನೇರ ಅಂಗಡಿಗೆ ಬಂದಳು.

"ದಾದಾ, ಉಪ್ಪಿನಕಾಯಿ ತಿಂದವನು ನೀನು."

"ಹೌದು ಕಣೇ. ಆದ್ರೆ ಗಂಡು ಹುಡುಗ ತಿಂದ ಅಂತ ಬರೆದ್ರೆ ಯಾರು ನಗ್ತಾರೆ?"

"ಸರಿ, ಹುಡುಗಿ ಅಂತ್ಲೇ ಬರಿ. ನನ್ನ ಹೆಸರು ಯಾಕೆ?"

"ಪೇಂಚಿ ಅನ್ನೋದು ಬರೆಯೋಕೆ ಕೂತ ತಕ್ಷಣ ಬಂದುಬಿಡ್ತು. ಮುಂದಿನ ಸಲ ಬದಲಾಯಿಸ್ತೀನಿ, ಸರೀನಾ?"

ಮುಂದಿನ ಸಲದ ಕತೆ ಆಗಲೇ ಅಚ್ಚಿಗೆ ಹೋಗಿತ್ತು. ಅದರ ಮುಂದಿನ ಸಲಕ್ಕೆ ಮಕ್ಕಳ ಕಾಗದಗಳು ಗೋಣಿಯಲ್ಲಿ ಬಂದಿದ್ದವು. ಓಡುವ ಸರಕಿನ ಮೇಲಿನ ಚೀಟಿಯನ್ನು ಯಾವ ವ್ಯಾಪಾರಿಯೂ ಬದಲಾಯಿಸುವುದಿಲ್ಲ. ಅನಾದಿನಾಥನೂ ಬದಲಾಯಿಸಲಿಲ್ಲ. ಅವನು ಹುಡುಗನಾಗಿದ್ದಾಗ ಹೇಳಿದ ಸುಳ್ಳು, ಪಟ್ಟ ಹೆದರಿಕೆ, ಮಾಡಿದ ಕಳ್ಳತನ, ಎಲ್ಲವೂ ಒಂದೊಂದಾಗಿ ತಂಗಿಯ ಹೆಸರಿನಲ್ಲಿ ಮಾರುಕಟ್ಟೆಗೆ ಇಳಿದವು. ಸರಕು ಅವನದು, ಮುದ್ರೆ ಅವಳದು. ಮನಸ್ಸು ಚುಚ್ಚಿದರೆ, 'ಬರೀ ಕತೆ ತಾನೆ' ಎಂದುಕೊಳ್ಳುತ್ತಿದ್ದ. ಅದು ಹಳೆಯ ಹಿತ್ತಾಳೆಗೆ ಹುಣಿಸೆ ತಿಕ್ಕಿದ ಹಾಗೆ. ಹೊತ್ತು ಕಳೆದರೆ ಮತ್ತೆ ಕಪ್ಪು.

ಎಲ್ಲಕ್ಕಿಂತ ಹೆಚ್ಚು ಓಡಿದ ಕತೆ 'ಪೇಂಚಿಯ ಓಟ'. ಅಣ್ಣ ಕೊಳದಲ್ಲಿ ಜಾರಿ ಬೀಳುತ್ತಾನೆ. ಪೇಂಚಿ ಕೂಗುವುದಿಲ್ಲ, ಕೈ ಕೊಡುವುದಿಲ್ಲ; ಒಂದೇ ಓಟಕ್ಕೆ ಮನೆ ಸೇರಿ, ಮಂಚದಡಿ ತೂರಿ, ಡಬ್ಬಿಯಿಂದ ಮುಡಿ, ಅಂದರೆ ಮಂಡಕ್ಕಿ, ತೆಗೆದು ಕರಂಕುರುಂ ಎಂದು ತಿನ್ನುತ್ತಾಳೆ. ಅಣ್ಣ ಅಂಗಿಯ ಜೇಬಿನಲ್ಲಿ ಮೀನು ಹಿಡಿದುಕೊಂಡು ಎದ್ದು ಬಂದಾಗ, "ಮೀನು ತರೋಕೆ ಹೋಗಿದ್ಯಾ? ಹೇಳಿ ಹೋಗಬಾರದಾ?" ಎಂದು ಕೇಳುತ್ತಾಳೆ. ಆ ಒಂದು ಸಾಲಿಗೆ ಬಂಗಾಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೊನೆಗೆ ಅದು ಐದನೇ ತರಗತಿಗೆ ಪಾಠವೂ ಆಯಿತು.

ನಡೆದದ್ದು ಬೇರೆ. ಚುಂಚುಡಾದಲ್ಲಿ ಸೋದರಮಾವನ ಮನೆಯ ಹಿಂದಿನ ಕೊಳದಲ್ಲಿ ಪಾಚಿಯ ಮೆಟ್ಟಿಲಿನಿಂದ ಜಾರಿದವಳು ಪೇಂಚಿ. ಓಡಿದವನು ಅನಾದಿ. ಮಂಚದಡಿ ತೂರಿದ್ದೂ, ಯಾರೂ ಏನೂ ಕೇಳದಿರಲಿ ಎಂದು ಬಾಯಿ ತುಂಬ ಮುಡಿ ತುರುಕಿಕೊಂಡದ್ದೂ ಅವನೇ. ಅವಳು ಅಂತರಗಂಗೆಯ ಬೇರು ಹಿಡಿದು, ನೀರು ಕುಡಿದು, ತಾನೇ ಎದ್ದು ಬಂದಳು. ಅಜ್ಜಿಗೆ, "ಕಾಲು ತೊಳೆಯೋಕೆ ಹೋಗಿ ಜಾರಿದೆ" ಎಂದಳು. ಮಂಚದ ಕೆಳಗಿನಿಂದ ಚಾಚಿದ್ದ ಎರಡು ಕಾಲನ್ನು ನೋಡಿಯೂ ನೋಡದ ಹಾಗೆ ದಾಟಿ ಹೋದಳು. ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಕತೆ ಅಚ್ಚಾದ ಮೇಲೂ ಅದರ ಬಗ್ಗೆ ಅವಳು ಬಾಯಿ ಬಿಡಲಿಲ್ಲ. ಉಪ್ಪಿನಕಾಯಿಗೆ ಜಗಳ ಆಡಿದವಳು ಇದಕ್ಕೆ ಸುಮ್ಮನಾದದ್ದೇ ಅನಾದಿನಾಥನಿಗೆ ಗಂಟಲ ಮುಳ್ಳು.

ಮದುವೆಯಾಗಿ ಅವಳು ಕಾಟ್ವಾಕ್ಕೆ ಹೋದಳು. ಗಂಡ ತಲಾಪಾತ್ರ ಹೋಮಿಯೋಪತಿ ಡಾಕ್ಟರು, ಸಾಧು ಮನುಷ್ಯ. ಹೋಗುವಾಗ ಅಣ್ಣನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಹೇಳಿದ್ದಳು: "ಅಲ್ಲಿ ನಾನು ನೀಹಾರಿಕಾ ತಲಾಪಾತ್ರ. ಪೇಂಚಿಯನ್ನ ಕಲ್ಕತ್ತೇಲಿ ಇಟ್ಕೋ." ಅನಾದಿನಾಥ ಬಹುಕಾಲ ನೆಟ್ಟಗೆ ಉಳಿಸಿಕೊಂಡ ಮಾತು ಅದೊಂದೇ. ಕಾಟ್ವಾದಲ್ಲಿ ಅವಳು ಮೊದಲು ಹೆಣ್ಣುಮಕ್ಕಳ ಶಾಲೆಯ ಟೀಚರಾದಳು, ಕೂದಲು ಬೆಳ್ಳಗಾಗುವ ಹೊತ್ತಿಗೆ ಹೆಡ್‌ಮಿಸ್ಟ್ರೆಸ್. ಹುಡುಗಿಯರು 'ಬಡೊದಿ', ದೊಡ್ಡಕ್ಕ, ಎಂದು ಕರೆಯುತ್ತಿದ್ದರು. ಅವಳ ಚಪ್ಪಲಿ ಸದ್ದು ಕೇಳಿದರೆ ವರಾಂಡದ ಪಾರಿವಾಳಗಳೂ ಸಾಲಾಗಿ ಕೂರುತ್ತಿದ್ದವೆಂದು ಊರಿನ ತಮಾಷೆ. ರಜೆಯ ಮೇಲಿದ್ದ ಟೀಚರುಗಳ ಬದಲಿಗೆ ಐದನೇ ತರಗತಿಗೆ ಹೋಗಿ 'ಪೇಂಚಿಯ ಓಟ'ವನ್ನು ಅವಳೇ ಪಾಠ ಮಾಡಿದ್ದೂ ಉಂಟು. "ಪೇಂಚಿಯ ಸ್ವಭಾವವನ್ನು ವಿವರಿಸಿ" ಎಂಬ ಪ್ರಶ್ನೆಗೆ "ಪೇಂಚಿ ಹೇಡಿ" ಎಂದು ಬರೆದವರಿಗೆ ಪೂರ್ತಿ ಅಂಕ ಕೊಟ್ಟದ್ದೂ ಉಂಟು. ಪುಸ್ತಕದ ಪ್ರಕಾರ ಉತ್ತರ ಸರಿ ಇತ್ತಲ್ಲ.

ಒಂದು ಮಳೆಗಾಲ ದೋಣಿ ಮಗುಚಿ ಆ ಶಾಲೆಯ ಇಬ್ಬರು ಹುಡುಗಿಯರು ದಡಕ್ಕೆ ಕೂಗಳತೆ ದೂರದಲ್ಲಿ ಮುಳುಗಿ ಹೋದರು. ಅದಾದ ಮೇಲೆ ಬಡೊದಿ ಈಜು ತರಗತಿ ಶುರುಮಾಡಿದಳು. ಬೆಳಗಿನ ಹೊತ್ತು ಗಂಗೆಯ ಘಾಟಿನಲ್ಲಿ, ಸ್ನಾನದ ಮೆಟ್ಟಿಲ ಬುಡಕ್ಕೆ, ಬಿದಿರು ಗಳ ನೆಟ್ಟು, ಹಗ್ಗ ಕಟ್ಟಿ, ಸೀರೆಯ ಕಚ್ಚೆ ಬಿಗಿದು, ತಾನೇ ನೀರಿಗೆ ಇಳಿದು ಕಲಿಸುತ್ತಿದ್ದಳು. ಊರು ಎರಡಾಯಿತು. ಶಾಲಾ ಕಮಿಟಿಯ ಕಾರ್ಯದರ್ಶಿ ಭೂಪತಿ ಕೋಲೇ, ಅಕ್ಕಿ ಗಿರಣಿಯ ಸಾಹುಕಾರ, ವಿರೋಧದ ಕಡೆ. "ಹುಡುಗೀರು ಒದ್ದೆ ಬಟ್ಟೇಲಿ ಕೈಕಾಲು ಬಡಿಯೋದನ್ನ ಕಲಿತು ಯಾವ ಅತ್ತೆ ಮನೇಲಿ ಈಜಬೇಕು?" ಎಂಬುದು ಅವನ ವಾದ. ಬಡೊದಿ ಬಾಯಿ ತೆರೆದರೆ ಮಾತ್ರ ಅವನು ಮೆತ್ತಗಾಗುತ್ತಿದ್ದ. ಹೀಗೆ, ಅವಳ ಮುಖದ ಬಿಗಿಯೊಂದರ ಬಲದ ಮೇಲೆ ಆ ತರಗತಿ ನಡೆಯುತ್ತಿತ್ತು. ವೈಶಾಖದಲ್ಲಿ ಕಮಿಟಿ ಕೂತು, ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸಬೇಕಿತ್ತು.

ಅಷ್ಟರಲ್ಲಿ ಶಾಲೆಗೆ ಐವತ್ತು ತುಂಬಿತು. ಮುಖ್ಯ ಅತಿಥಿ ಯಾರಾಗಬೇಕು? ಕೋಲೇಬಾಬು ಪೇಂಚಿಯ ಕಟ್ಟಾ ಅಭಿಮಾನಿ. ಮೊಮ್ಮಗಳಿಗೆಂದು ಪುಸ್ತಕ ಕೊಂಡು ತಾನೇ ಓದಿ ನಗುವ ಪೈಕಿ. ಅವನೇ ಕಲ್ಕತ್ತೆಗೆ ಬಂದು ಅನಾದಿನಾಥನನ್ನು ಒಪ್ಪಿಸಿ ಹೋದ. ಅದಾದ ಭಾನುವಾರ ನೀಹಾರಿಕಾ ಅಣ್ಣನ ಮನೆಗೆ ಬಂದಳು.

"ಬಾ ದಾದಾ. ಬರಬೇಡ ಅಂದ್ರೆ ಯಾಕೆ ಅಂತ ಕೇಳ್ತಾರೆ. ಆದ್ರೆ ವೇದಿಕೆ ಮೇಲೆ ನಿಂಗೆ ನಾನು ಗೊತ್ತಿಲ್ಲ."

"ಗೊತ್ತೇ ಇಲ್ಲ. ನೀವು ಯಾರು ತಾಯಿ?" ಎಂದು ಅನಾದಿನಾಥ ಕೈಮುಗಿದ.

ಅವಳು ನಗಲಿಲ್ಲ. "ಈಜಿನ ತೀರ್ಮಾನ ಮುಂದಿದೆ. ಈ ವರ್ಷ ನನ್ನ ನೋಡಿ ಯಾರೂ ನಗಬಾರದು."

ಒಳಗಿನಿಂದ ಅನಾದಿನಾಥನ ಹೆಂಡತಿ ಇಲಾ, "ಇವರಿಗೆ ಯಾಕೆ ಹೇಳ್ತೀಯಮ್ಮ, ಇವರ ಬಾಯಿಗೆ ಹೇಳು. ಅದು ಇವರ ಮಾತು ಕೇಳಲ್ಲ" ಎಂದಳು.

ಚೈತ್ರದ ಬಿಸಿಲಲ್ಲಿ ಶಾಮಿಯಾನ ತುಂಬಿತ್ತು. ಮುಂದೆ ಕೆಂಪು ಅಂಚಿನ ಸೀರೆಯ ಹುಡುಗಿಯರು, ಹಿಂದೆ ಅಪ್ಪಂದಿರು, ಪಕ್ಕದಲ್ಲಿ ಬೀಸಣಿಗೆ ಹಿಡಿದ ಅಮ್ಮಂದಿರು. ಅನಾದಿನಾಥ ಬಹಳ ಜಾಗರೂಕನಾಗಿದ್ದ. ಹೆಡ್‌ಮಿಸ್ಟ್ರೆಸ್ ಹೂಗುಚ್ಛ ಕೊಟ್ಟಾಗ ಅಪರಿಚಿತರಿಗೆ ಮುಗಿಯುವಷ್ಟೇ ಕೈ ಮುಗಿದ. ಅವನ ಸರದಿ ಬಂತು. ಎದ್ದ. ಮೈಕಿನ ಮುಂದೆ ನಿಂತ. ಭಾಷಣದ ಹಾಳೆ ಬಿಡಿಸಿದ. ಅಕ್ಷರ ಕಾಣಲಿಲ್ಲ. ಜುಬ್ಬಾದ ಎಡ ಜೇಬು ತಟ್ಟಿದ, ಬಲ ಜೇಬು ತಟ್ಟಿದ. ಚಿಕ್ಕಂದಿನಿಂದ ಕಳೆದುಹೋದ ವಸ್ತುವಿಗೆಲ್ಲ ಅವನು ಮಾಡುತ್ತಿದ್ದುದು ಒಂದೇ ಉಪಾಯ. ಅದನ್ನೇ ಮಾಡಿದ. ಹಿಂದಕ್ಕೆ ಕತ್ತು ತಿರುಗಿಸಿ ಕೂಗಿದ:

"ಏ ಪೇಂಚಿ, ನನ್ನ ಕನ್ನಡಕ ಎಲ್ಲೇ?"

"ನಿನ್ನ ಹಣೆ ಮೇಲೇ ಇದೆಯಲ್ಲೋ ದಾದಾ!" ಎಂದಳು ಬಡೊದಿ, ಯೋಚಿಸುವ ಮೊದಲೇ.

ಎರಡು ಮಾತನ್ನೂ ಮೈಕು ನಿಷ್ಪಕ್ಷಪಾತವಾಗಿ ಊರಿಗೆ ಹಂಚಿತು.

ಆಮೇಲೆ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕಿಸಕ್ಕೆಂದಳು. ಅಷ್ಟೇ ಬೇಕಾಗಿತ್ತು, ನಗೆ ತೆನೆಗೆ ಗಾಳಿ ಹೊಕ್ಕ ಹಾಗೆ ಹಿಂದಿನ ತನಕ ಓಡಿತು. ಕೋಲೇಬಾಬು ಹಾರಿ ಬಂದು ಮೈಕು ಕಸಿದುಕೊಂಡ. ದುಷ್ಟತನದಿಂದಲ್ಲ, ಅಪ್ಪಟ ಸಂತೋಷದಿಂದ. ಅವನ ಕಣ್ಣಲ್ಲಿ ನೀರೇ ಬಂದಿತ್ತು.

"ಕೇಳಿದ್ರಾ! ನಮ್ಮ ಬಡೊದೀನೇ ಪೇಂಚಿ! ಇಷ್ಟು ವರ್ಷ ನಮ್ಮ ಮನೆ ಮಾಡಿನಲ್ಲೇ ಗೂಬೆ ಕೂತಿತ್ತು, ನಮಗೆ ಗೊತ್ತಾಗ್ಲಿಲ್ಲ!" ಹಿಂದಿನ ಸಾಲಿನಿಂದ ಯಾರೋ ಅಪ್ಪ ಕೂಗಿದ: "ಅಣ್ಣ ಮುಳುಗಿದಾಗ ಓಡಿದವಳೇನ್ರಪ್ಪಾ ನಮ್ಮ ಮಕ್ಕಳಿಗೆ ಈಜು ಕಲಿಸ್ತಿರೋದು?" ಈ ಸಲ ನಕ್ಕವರಲ್ಲಿ ಟೀಚರುಗಳೂ ಇದ್ದರು.

ಬಡೊದಿಯೂ ನಕ್ಕಳು. ತುಟಿಯಿಂದ ಮಾತ್ರ. ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆಯನ್ನು ಮಡಿಸಿ, ಮತ್ತೆ ಮಡಿಸಿ, ಉಗುರಿನಷ್ಟು ಮಾಡಿದಳು.

ಅನಾದಿನಾಥನ ಕೈಗೆ ಮೈಕು ವಾಪಸು ಬಂತು. ಒಂದು ವಾಕ್ಯ ಸಾಕಿತ್ತು. ಅದು ಅವನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಹುಡುಗಿಯರು ಒಂದೇ ಸಮನೆ ಕೂಗತೊಡಗಿದ್ದರು: "ಪೇಂಚಿಯ ಓಟ! ಪೇಂಚಿಯ ಓಟ!" ಅವನು ಪುಸ್ತಕ ತೆರೆದ. ಅಣ್ಣ ಜಾರುವಲ್ಲಿಗೆ ಬಂದಾಗ ನಿಲ್ಲಿಸಿ ಹೇಳಿಬಿಡುತ್ತೇನೆ ಎಂದುಕೊಂಡ. ಜಾರಿದಾಗ ಜನ ನಕ್ಕರು. ಪೇಂಚಿ ಓಡುವಲ್ಲಿ ಹೇಳುತ್ತೇನೆ ಎಂದುಕೊಂಡ. ಓಡಿದಾಗ ಇನ್ನೂ ನಕ್ಕರು. ಮಂಚದಡಿಗೆ ಬಂದಾಗ ಅವನ ದನಿ ತಾನೇತಾನಾಗಿ ಪುಟ್ಟ ಹುಡುಗಿಯ ದನಿಯಾಯಿತು, ಮುಡಿ ಅಗಿಯುವ ಸದ್ದನ್ನು ಹಲ್ಲಿನಲ್ಲೇ ಮಾಡಿದ. ಅವನು ಚೆನ್ನಾಗಿ ಓದುತ್ತಿದ್ದ, ಅದೇ ಕೇಡು. ಗಿರಾಕಿ ಕೈ ಚಾಚಿ ನಿಂತಾಗ ಅಂಗಡಿ ಮುಚ್ಚುವ ಗುಣ ಅವನ ವಂಶದಲ್ಲೇ ಇರಲಿಲ್ಲ.

ಆಮೇಲೆ ಅವಳ ಮನೆಯಲ್ಲಿ ಊಟಕ್ಕೆ ಲುಚಿ ಎಂಬ ಮೈದಾ ಪೂರಿ, ಪಟೋಲಿನ ಪಲ್ಯ. ಅವಳು ಬಡಿಸಿದಳು. ಅವನು ತಟ್ಟೆಗೇ ಮಾತಾಡಿದ: "ಬಾಯಿ ತಪ್ಪಿ ಬಂತು ಕಣೇ."

"ಹೆಸರು ಬಾಯಿ ತಪ್ಪಿ ಬಂತು" ಎಂದಳು. ಪಲ್ಯ ಬಡಿಸುತ್ತ, "ಓದೋದು ಮಾತ್ರ ತುಂಬ ಚೆನ್ನಾಗಿ ಓದ್ತೀಯ. ಇನ್ನೊಂದು ಲುಚಿ ಹಾಕ್ಲಾ?"

ಬೈದಿದ್ದರೆ ಅವನು ಸುಧಾರಿಸಿಕೊಳ್ಳುತ್ತಿದ್ದ. ಆ ಲುಚಿ ಮಾತ್ರ ಹೌರಾದ ತನಕ ಎದೆಯಲ್ಲೇ ಕೂತಿತ್ತು.

ಕೆಲವು ದಿನ ಕಳೆದು ತಲಾಪಾತ್ರ ಡಾಕ್ಟರು ಮಾತ್ರೆ ಬಾಟಲಿ ಕೊಳ್ಳಲು ಕಲ್ಕತ್ತೆಗೆ ಬಂದವರು ಅಂಗಡಿಗೆ ಬಂದರು. ಚಹಾ ಕುಡಿದರು, ಹವೆಯ ಬಗ್ಗೆ ಮಾತಾಡಿದರು, ಎದ್ದು ಹೊರಡುವಾಗ ಕೊಡೆಗೆ ಹೇಳುವ ಹಾಗೆ ಹೇಳಿದರು: "ಘಾಟಿಗೆ ಈಗ ಹುಡುಗೀರು ಬರ್ತಿಲ್ಲ. ಅಪ್ಪಂದಿರು ಕಳಿಸ್ತಿಲ್ಲ. ಮೊನ್ನೆ ಯಾವಳೋ ಕರಿಹಲಗೆ ಮೇಲೆ ಮಂಚ ಬರೆದು, ಅದರ ಕೆಳಗೆ ಎರಡು ಕಾಲು ಬರೆದಿದ್ದಳಂತೆ. ಇವಳು ಒರೆಸಿ ಪಾಠ ಮುಂದುವರಿಸಿದಳು."

ಆ ವಾರ ತ್ರಿದಿಬಬಾಬು ವೈಶಾಖದ ಸಂಚಿಕೆಯ ಕತೆಗೆಂದು ಮನೆಗೆ ಬಂದ. ಅನಾದಿನಾಥ ಖಾಲಿ ಹಾಳೆ ತೋರಿಸಿದ.

"ಏನು ಮಶಾಯ್, ಪೇಂಚಿ ಸತ್ತಳಾ?"

"ಇಲ್ಲ. ನನಗೆ ಬರೆಯೋಕೆ ಮುಖ ಇಲ್ಲ."

"ಮುಖದಲ್ಲಿ ಯಾರು ಬರೀತಾರೆ? ಕೈಯಲ್ಲಿ ಬರೀರಿ" ಎಂದು ಸಂಪಾದಕ ಎರಡು ದಿನ ಗಡುವು ಕೊಟ್ಟು ಹೋದ.

ಒಳಗೆ ಇಲಾ ಮೀನಿನ ಮುಳ್ಳು ಬಿಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. "ಕೊಳದ ಹತ್ತಿರದಿಂದ ಮನೆಗೆ ಓಡಿದ್ದು ಹುಡುಗತನ, ಬಿಡಿ. ಮೊನ್ನೆ ಮೈಕಿನ ಮುಂದಿಂದ ಓಡಿದ್ದು?" ಎಂದಳು. ಕೊಳದ ನಿಜವನ್ನು ಹೆಂಡತಿಗೆ ಅವನು ಎಂದೂ ಹೇಳಿರಲಿಲ್ಲ. ಅವಳಿಗೆ ಯಾರು ಹೇಳಿದರು ಎಂದು ಕೇಳುವ ಧೈರ್ಯ ಬರಲಿಲ್ಲ. ಬಹುಶಃ ಗಂಡನ ಗುಣ ಬಲ್ಲವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಕಮಿಟಿ ಕೂತ ದಿನ ಅನಾದಿನಾಥ ಕಾಟ್ವಾದ ರೈಲು ಹತ್ತಿದ. ಕರೆಯದೆ ಬಂದವನನ್ನು ಕಂಡು ಕೋಲೇಬಾಬು ಹಿಗ್ಗಿ ಕುರ್ಚಿ ತರಿಸಿದ, ಸಂದೇಶ್ ಮಿಠಾಯಿ ತರಿಸಿದ. ಬಡೊದಿ ಮೇಜಿನ ಆ ತುದಿಯಲ್ಲಿ ಕೂತಿದ್ದಳು. ಅನಾದಿನಾಥ ಕೂರಲಿಲ್ಲ. ರೈಲಿನುದ್ದಕ್ಕೂ ಉರುಹೊಡೆದದ್ದನ್ನು ಒಂದೇ ಉಸಿರಿಗೆ ಹೇಳಿದ:

"ಅವತ್ತು ಕೊಳಕ್ಕೆ ಬಿದ್ದವಳು ನೀಹಾರಿಕಾ. ಓಡಿದವನು ನಾನು. ಕತೇಲಿ ಅದಲುಬದಲು ಮಾಡಿದೆ. ಅವಳು ಯಾವತ್ತೂ ಓಡಿದವಳಲ್ಲ."

ಕೋಲೇಬಾಬು ಮೆಲ್ಲಗೆ ಎದ್ದು ಬಂದು ಅವನ ಪಾದ ಮುಟ್ಟಿದ.

"ಅಣ್ಣ ಅಂದ್ರೆ ಇವರು ನೋಡ್ರಪ್ಪಾ. ತಂಗಿ ಮಾನಕ್ಕೋಸ್ಕರ ಈ ವಯಸ್ಸಲ್ಲಿ ಇಷ್ಟು ದೂರ ಬಂದು, ಅವಳ ತಪ್ಪನ್ನ ತಲೆ ಮೇಲೆ ಹೊತ್ಕೊಳ್ತಿದ್ದಾರೆ!"

"ಅಯ್ಯೋ ಇಲ್ಲ ಕೋಲೇಬಾಬು, ನಿಜಕ್ಕೂ ನಾನೇ..."

"ಬಿಡಿ ಮಶಾಯ್. ಪುಸ್ತಕದಲ್ಲಿದೆಯಲ್ಲ! ಸುಳ್ಳಾಗಿದ್ರೆ ಮಕ್ಕಳಿಗೆ ಪಾಠ ಮಾಡಿ ಇಡ್ತಿದ್ರಾ? ಅದೂ ಅಲ್ದೆ ಆ ಮುಡಿ ತಿನ್ನೋದು, ಆ ಕರಂಕುರುಂ! ಅದನ್ನ ನೋಡಿದವನೇ ಬರೀಬೇಕು, ಮಾಡಿದವನಿಗೆ ಬರೆಯೋಕೆ ಆಗಲ್ಲ."

ಒಬ್ಬ ವಕೀಲ ಸದಸ್ಯ ಕಣ್ಣೊರೆಸಿಕೊಂಡ. ಅನಾದಿನಾಥ ಇನ್ನೂ ಎರಡು ಸಲ ಪ್ರಯತ್ನಿಸಿದ. ಪ್ರತಿ ಸಲವೂ ಅವನ ದೊಡ್ಡತನ ಬೆಳೆಯಿತೇ ಹೊರತು ನಿಜ ಒಂದು ಗೇಣೂ ಮುಂದೆ ಸರಿಯಲಿಲ್ಲ. ಖೋಟಾ ಸರಕನ್ನು ತಲೆಮಾರುಗಟ್ಟಲೆ ಮಾರಿದ ಅಂಗಡಿಯಲ್ಲಿ ಅಸಲಿಯನ್ನು ಇಟ್ಟರೆ ಗಿರಾಕಿ ಮೂಸಿ ನೋಡುವುದೂ ಇಲ್ಲ. ಕೊನೆಗೆ ಅವನನ್ನು ಹಿಡಿದು ಕೂರಿಸಿ ಕೈಗೆ ಸಂದೇಶ್ ಕೊಟ್ಟರು. ಅವನು ತಿಂದ. ತಿನ್ನುತ್ತಿದ್ದೇನೆ ಎಂದು ಗೊತ್ತಾದದ್ದು ಬಾಯಿ ಸಿಹಿಯಾದ ಮೇಲೆ.

ಈಜಿನ ವಿಷಯ ಬಂದಾಗ ಕೋಲೇಬಾಬು ಬಡೊದಿಯ ಮುಖ ನೋಡಿಯೇ ಮಾತಾಡಿದ, ಮೊದಲ ಸಲ. "ನಮ್ಮ ಮಾತಲ್ಲ ದೀದಿ, ಊರಿನ ಮಾತು. ಪೂಜೆ ಆಗ್ಲಿ, ಆಮೇಲೆ ನೋಡೋಣ." ಬಂಗಾಳದಲ್ಲಿ 'ಪೂಜೆ ಆದ ಮೇಲೆ' ಎಂದರೆ ಎಂದೂ ಇಲ್ಲ ಎಂದು ಬಂಗಾಳಿಗಳಿಗೆಲ್ಲ ಗೊತ್ತು. ನೀಹಾರಿಕಾ ತಲೆಯಾಡಿಸಿ ಎದ್ದಳು. "ಮನೆಗೆ ನಡಿ ದಾದಾ. ಕೈ ತೊಳ್ಕೊಂಡು ಬಾ, ಅಂಟಾಗಿದೆ."

ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಘಾಟಿಗೆ ಹೊರಟಳು, ಹುಡುಗಿಯರಿಲ್ಲದೆ. ತಂಗಿಯ ಗಂಡನ ಎದುರು ಒಬ್ಬನೇ ಕೂರುವುದು ಆಗದೆ ಅನಾದಿನಾಥ ಹಿಂದೆ ಹೋದ. ಘಾಟಿನಲ್ಲಿ ಊರಿನ ಹೆಂಗಸರು ಮುಳುಗು ಹಾಕುತ್ತಿದ್ದರು. ಅವರ ಜೊತೆ ಸ್ನಾನಕ್ಕೆಂದು ಬಂದ ಕೆಲವು ಹುಡುಗಿಯರು ಬಡೊದಿಯನ್ನು ಕಂಡು ಕಣ್ಣು ತಪ್ಪಿಸಿದರು. ಅವಳು ಕಚ್ಚೆ ಬಿಗಿದು ನೀರಿಗಿಳಿದಳು. ಬಿದಿರಿನ ಗಳಗಳು ಸುಮ್ಮನೆ ನಿಂತಿದ್ದವು.

"ಬಡೊದಿ! ಅಣ್ಣ ಬಂದಿದ್ದಾರೆ, ನೋಡ್ಕೊಳ್ಳಿ! ಜಾರಿ ಬಿದ್ರೆ ಈ ಸಲವಾದ್ರೂ ಬಿಟ್ಟು ಓಡ್ಬೇಡಿ!" ಎಂದಳು ಬಟ್ಟೆ ಹಿಂಡುತ್ತಿದ್ದ ಒಬ್ಬಳು. ಘಾಟೆಲ್ಲ ಕುಲುಕಾಡಿತು. ನೀಹಾರಿಕಾ ತಿರುಗಿ ನೋಡಲಿಲ್ಲ. ಬೆನ್ನು ಮಾತ್ರ ಒಂದು ಕ್ಷಣ ಗಟ್ಟಿಯಾಯಿತು.

ಆ ಬೆನ್ನನ್ನು ನೋಡಿ ಅನಾದಿನಾಥ ಚಪ್ಪಲಿ ಬಿಟ್ಟ. ಧೋತಿ ಎತ್ತಿ ಕಟ್ಟಿದ. ಕನ್ನಡಕವನ್ನು ಚಪ್ಪಲಿಯೊಳಗೆ ಇಟ್ಟ. ಮೊದಲ ಮೆಟ್ಟಿಲಿಗೆ ನೀರು ಪಾದಕ್ಕೆ ಬಂತು, ಮುಂದಿನದಕ್ಕೆ ಮೀನಖಂಡಕ್ಕೆ. ಅದರಾಚೆ ಕಾಲು ಮಾತು ಕೇಳಲಿಲ್ಲ. ಮೊಣಕಾಲು ಚಳಿಜ್ವರದವನ ಹಲ್ಲಿನ ಹಾಗೆ ಒಂದಕ್ಕೊಂದು ಬಡಿದುಕೊಂಡವು. ಮರಳಿ ಹತ್ತೋಣ ಎನ್ನುವಷ್ಟರಲ್ಲಿ ಪಾಚಿ ಜಾರಿತು.

"ಅಯ್ಯಯ್ಯೋ ಪೇಂಚಿ! ಹಿಡ್ಕೊಳ್ಳೇ! ಬಿಡಬೇಡ ಕಣೇ!"

ಎದೆಮಟ್ಟದ ನೀರು. ನಿಂತರೆ ನಿಲ್ಲಬಹುದಿತ್ತು. ಅವನು ನಿಲ್ಲಲಿಲ್ಲ, ತಂಗಿಯ ಕುತ್ತಿಗೆಗೆ ಜೋತುಬಿದ್ದ, ಹೆಗಲ ಮೇಲೆ ಹತ್ತಲು ನೋಡಿದ, ಅವಳ ಜಡೆ ಹಿಡಿದೆಳೆದ, ಬಾಯಿಗೆ ಬಂದ ದೇವರನ್ನೆಲ್ಲ ಕರೆದ. ಅವಳು ಅವನ ಗಲ್ಲದಡಿ ಒಂದು ಕೈ ಕೊಟ್ಟು, ಬೆನ್ನಿಗೆ ಒಂದು ಕೈ ಕೊಟ್ಟು, ಅನುಭವಸ್ಥ ಸೂಲಗಿತ್ತಿಯ ಹಾಗೆ ನೆಟ್ಟಗೆ ನಿಲ್ಲಿಸಿದಳು.

ಘಾಟು ನಗುತ್ತಿತ್ತು. ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ಮೀನು ಮಾರುವ ಮುದುಕಿ ಖಾಂತಮಣಿ ಮಾತ್ರ ಎಲೆಯಡಿಕೆ ಉಗುಳಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಓ ಮಾ! ಯಾರ್ರೇ ಅದು ಬಡೊದಿ ಓಡಿದ್ಲು ಅಂದಿದ್ದು? ಈ ಗಂಡಸಿನ ಮುಖ ನೋಡ್ರೇ! ಇವನೇ ಕಣ್ರೇ ಓಡಿದವನು! ಈಗ್ಲೂ ಓಡ್ತಾನೆ, ಅವಳು ಹಿಡ್ಕೊಂಡಿದ್ದಾಳೆ ಅಷ್ಟೆ!"

ನಗೆ ಒಂದು ಕ್ಷಣ ನಿಂತು, ಮೂತಿ ತಿರುಗಿಸಿ, ಮತ್ತೆ ಎದ್ದಿತು. ಈ ಸಲ ಅದು ಅನಾದಿನಾಥನ ಮೇಲೆ ಬಿತ್ತು. ಬಟ್ಟೆ ಹಿಂಡುತ್ತಿದ್ದವಳು ಸೀರೆಯನ್ನೇ ಬಾಯಿಗೆ ತುರುಕಿಕೊಂಡಳು. ಕಮಿಟಿಯ ಮುಂದೆ ಎಷ್ಟು ಸಲ ಹೇಳಿದರೂ ಯಾರೂ ಕೊಳ್ಳದಿದ್ದ ನಿಜ, ಅವನ ಮೊಣಕಾಲಿನ ನಡುಕದಲ್ಲಿ ಬಿಟ್ಟಿಯಾಗಿ ಊರಿಗೆ ಹೋಯಿತು. ಮಧ್ಯಾಹ್ನದೊಳಗೆ ಅದು ಅಕ್ಕಿ ಗಿರಣಿಯನ್ನೂ ತಲುಪುವುದೆಂದು ಅವನಿಗೆ ಗೊತ್ತಿತ್ತು. ಕಿವಿ ಬಿಸಿಯಾಯಿತು, ಕಣ್ಣು ಉರಿಯಿತು. ಎಲ್ಲ ಮೆಟ್ಟಿಲಲ್ಲೂ ಹಲ್ಲುಗಳು, ಎಲ್ಲವೂ ಅವನ ಕಡೆಗೆ. ಇಷ್ಟು ವರ್ಷ ಇವಳು ಇದನ್ನೇ ಉಟ್ಟುಕೊಂಡು ಓಡಾಡಿದಳಲ್ಲ ಎಂದು ಅವನಿಗೆ ಮೊದಲ ಸಲ ಮೈಯಲ್ಲಿ ಗೊತ್ತಾಯಿತು.

"ಮೇಲೆ ಹೋಗ್ತೀನಿ ಕಣೇ" ಎಂದ, ಯಾರಿಗೂ ಕೇಳಿಸದ ಹಾಗೆ.

"ಹೋಗು. ಯಾರು ಹಿಡಿದಿದ್ದಾರೆ?" ಅವಳು ಕೈ ತೆಗೆದಳು.

ಅವನು ಮೆಟ್ಟಿಲನ್ನು ನೋಡಿದ. ನಾಲ್ಕು ಹೆಜ್ಜೆಯೂ ಇರಲಿಲ್ಲ. ಬಿದಿರಿನ ಗಳವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಅಲ್ಲೇ ನಿಂತ.

ಹುಡುಗಿಯರು ಒಬ್ಬೊಬ್ಬರಾಗಿ ನೀರಂಚಿಗೆ ಬಂದಿದ್ದರು, ಈ ಮೋಜನ್ನು ಹತ್ತಿರದಿಂದ ನೋಡಲು. ಅವರಲ್ಲಿ ಕೋಲೇಬಾಬುವಿನ ಮೊಮ್ಮಗಳೂ ಇದ್ದಳು, ತುಟಿ ಕಚ್ಚಿಕೊಂಡು.

"ಬಡೊದಿ, ನಾನೂ ಇಳೀಲಾ?"

"ಅಜ್ಜನ್ನ ಕೇಳ್ಕೊಂಡು ಬಾ."

ಹುಡುಗಿ ಒಂದು ಕಾಲಿಂದ ಇನ್ನೊಂದಕ್ಕೆ ತೂಕ ಹಾಕಿದಳು. ಮನೆಯ ದಾರಿ ನೋಡಿದಳು, ನೀರು ನೋಡಿದಳು. ಕೊನೆಗೆ ಗಳವನ್ನು ಅಪ್ಪಿಕೊಂಡ ಮುದುಕನನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಅಲ್ಲಿಂದಲೇ, ಕಲಿತವಳ ಗತ್ತಿನಲ್ಲಿ ಕೂಗಿದಳು:

"ಪೇಂಚಿಯ ಅಣ್ಣಾ! ಗಳ ತಬ್ಬಿಕೊಂಡ್ರೆ ಈಜು ಬರಲ್ಲ! ಕಾಲು ಆಡಿಸಿ, ಕಾಲು!"

ಅನಾದಿನಾಥ ಕಣ್ಣು ಮುಚ್ಚಿ, ಊರೆಲ್ಲ ನೋಡುತ್ತಿದ್ದ ಹಾಗೆಯೇ, ಕಾಲು ಆಡಿಸಿದ.